ಪಲ್ಲಕ್ಕಿಯಲ್ಲಿ ನಿಂತು ಬರುವ ಸಂತ: ಕಾರ್ಫು ದ್ವೀಪದ ಈಸ್ಟರ್

ಗ್ರೀಸ್‌ನ ವಾಯವ್ಯ ಅಂಚಿನಲ್ಲಿ, ಅಯೋನಿಯನ್ ಸಮುದ್ರದ ಆಚೆ ಅಲ್ಬೇನಿಯಾದ ಬೆಟ್ಟಗಳು ಬರಿಗಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಇರುವ ದ್ವೀಪ ಕಾರ್ಫು. 1386ರಿಂದ 1797ರವರೆಗೆ ಇದು ವೆನಿಸ್ ಗಣರಾಜ್ಯದ ವಶದಲ್ಲಿತ್ತು. ಆಮೇಲೆ ಫ್ರೆಂಚರ, ಬ್ರಿಟಿಷರ ಆಳ್ವಿಕೆಯನ್ನು ಕಂಡು 1864ರಲ್ಲಿ ಗ್ರೀಸ್‌ಗೆ ಸೇರಿತು. ಬಹುಪಾಲು ಪ್ರವಾಸಿಗರು ಇಲ್ಲಿಗೆ ಬರುವುದು ಕಡಲತೀರಕ್ಕಾಗಿ. ನಾನು ಬಂದದ್ದು ಈಸ್ಟರ್ ವಾರಕ್ಕಾಗಿ, ಏಕೆಂದರೆ ಈ ಊರಿನ ಚರಿತ್ರೆ ಕೋಟೆಗಳಲ್ಲಿ ಕಾಣುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಮೆರವಣಿಗೆಗಳಲ್ಲಿ ಕಾಣುತ್ತದೆ.

ಹಾಗೆಂದು ಕೋಟೆಗಳನ್ನು ಬಿಟ್ಟು ಹೋಗುವಂತಿಲ್ಲ. ಹಳೆಯ ಕೋಟೆಯನ್ನು ಊರಿನಿಂದ ಬೇರ್ಪಡಿಸುವುದು ಕಡಲ ನೀರು ತುಂಬಿದ ಒಂದು ಕಂದಕ. ಎದುರಿಗೆ ಸ್ಪಿಯನಾದ ಮೈದಾನವಿದೆ. ಬ್ರಿಟಿಷರು ಬಿಟ್ಟುಹೋದ ಕ್ರಿಕೆಟ್ ಇಲ್ಲಿ ಬೇರೂರಿತು. ಮೈದಾನದ ಅಂಚಿನ ಕಮಾನುಗಳ ಸಾಲು ಲಿಸ್ಟನ್, ಫ್ರೆಂಚರ ಕಾಲದ್ದು. ಹಿಂದಿರುವ ಓಣಿಗಳಿಗೆ ಕಾಂಡೂನಿ ಎನ್ನುತ್ತಾರೆ. ಗೋಡೆಗಳೊಳಗೆ ಜಾಗ ಸಾಲದೆ ಮನೆಗಳು ಮೇಲಕ್ಕೆ ಬೆಳೆದದ್ದರಿಂದ ಅಲ್ಲಿ ಬಿಸಿಲು ನೆಲ ಮುಟ್ಟುವುದೇ ಅಪರೂಪ. 2007ರಲ್ಲಿ ಯುನೆಸ್ಕೋ ಈ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಓಣಿಗಳ ನಡುವೆ ಕೆಂಪು ಗುಮ್ಮಟದ ಗಂಟೆಗೋಪುರ ಕಂಡರೆ ಅದು ಸಂತ ಸ್ಪಿರಿಡಾನ್ ಚರ್ಚು ಎಂದು ತಿಳಿಯಬಹುದು. ಸ್ಪಿರಿಡಾನ್ ಈ ದ್ವೀಪದವನಲ್ಲ. ನಾಲ್ಕನೆಯ ಶತಮಾನದ ಸೈಪ್ರಸ್‌ನಲ್ಲಿ ಕುರಿ ಕಾಯುತ್ತಿದ್ದು ಬಳಿಕ ಬಿಷಪ್ ಆದವನು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಮೇಲೆ ಅಲ್ಲಿದ್ದ ಅವನ ಶರೀರವನ್ನು ಒಬ್ಬ ಪಾದ್ರಿ ಮೇವಿನ ಮೂಟೆಯೆಂಬಂತೆ ಮರೆಮಾಡಿ ಹೇಸರಗತ್ತೆಯ ಮೇಲೆ ಸಾಗಿಸಿ ತಂದನೆಂದು ಪ್ರತೀತಿ. ಆ ಶರೀರ ಪಾದ್ರಿಯ ಕುಟುಂಬದ ಸ್ವತ್ತಾಗಿ, ಮುಂದೆ ಆ ಮನೆಯ ಹೆಣ್ಣುಮಗಳ ಬಳುವಳಿಯಾಗಿ ವುಲ್ಗಾರಿಸ್ ಮನೆತನಕ್ಕೆ ಸೇರಿತು. ಒಬ್ಬ ಸಂತನೇ ಬಳುವಳಿಯಾಗಿ ಹೋದ ಇನ್ನೊಂದು ಉದಾಹರಣೆ ನನ್ನ ನೆನಪಿಗೆ ಬರುತ್ತಿಲ್ಲ. ಇಂದು ಬೆಳ್ಳಿಯ ಪೆಟ್ಟಿಗೆಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ರಾತ್ರಿ ಸಂತ ಊರೆಲ್ಲ ಸುತ್ತಿ ಕಷ್ಟದಲ್ಲಿರುವವರನ್ನು ವಿಚಾರಿಸಿಕೊಂಡು ಬರುವುದರಿಂದ ಅವನ ಪಾದರಕ್ಷೆಗಳು ಸವೆಯುತ್ತವೆ, ಆದ್ದರಿಂದಲೇ ಅವುಗಳನ್ನು ಬದಲಿಸಬೇಕಾಗುತ್ತದೆ ಎಂದು ಊರಿನವರು ನಂಬುತ್ತಾರೆ. ದ್ವೀಪದಲ್ಲಿ ಸ್ಪಿರೋಸ್ ಎಂಬ ಹೆಸರಿನ ಗಂಡಸರು ಹೆಜ್ಜೆಗೊಬ್ಬರು ಸಿಗುತ್ತಾರೆ.

ಸಂತನ ಶರೀರ ವರ್ಷಕ್ಕೆ ನಾಲ್ಕು ಬಾರಿ ಮೆರವಣಿಗೆಯಲ್ಲಿ ಹೊರಬರುತ್ತದೆ. ದೇವರು ಪಲ್ಲಕ್ಕಿಯೇರಿ ಬೀದಿಗೆ ಬರುವುದು ನಮಗೆ ಹೊಸತಲ್ಲ. ಆದರೆ ಇಲ್ಲಿ ಪಲ್ಲಕ್ಕಿಯ ಗಾಜಿನ ಹಿಂದೆ ನೇರವಾಗಿ ನಿಂತಿರುವುದು ವಿಗ್ರಹವಲ್ಲ, ಶತಮಾನಗಳಿಂದ ಉಳಿದುಬಂದ ಮನುಷ್ಯದೇಹ. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಮೆರವಣಿಗೆ 1629ರ ಪ್ಲೇಗಿನಿಂದ ಪಾರಾದುದಕ್ಕೆ, ನವೆಂಬರ್‌ನ ಮೊದಲ ಭಾನುವಾರದ್ದು 1673ರ ಪ್ಲೇಗಿಗೆ, ಆಗಸ್ಟ್ 11ರದ್ದು 1716ರಲ್ಲಿ ಒಟ್ಟೋಮನ್ ಸೇನೆ ಮುತ್ತಿಗೆಯನ್ನು ತೆಗೆದು ಹಿಂದಿರುಗಿದುದಕ್ಕೆ. ಈಸ್ಟರ್ ಹಿಂದಿನ ಪವಿತ್ರ ಶನಿವಾರದ್ದೇ ಎಲ್ಲಕ್ಕಿಂತ ಹಳೆಯದು. ಬರಗಾಲದಲ್ಲಿ ಧಾನ್ಯದ ಹಡಗುಗಳು ಅನಿರೀಕ್ಷಿತವಾಗಿ ಬಂದರಿಗೆ ಬಂದ ನೆನಪು ಅದು.

ಆ ಶನಿವಾರದ ಬೆಳಿಗ್ಗೆ ಸಂತನ ಜೊತೆಯಲ್ಲೇ ಕ್ರಿಸ್ತನ ಶವವಸ್ತ್ರವೂ, ಅಂದರೆ ಅವನ ಮೃತದೇಹದ ಚಿತ್ರವಿರುವ ಬಟ್ಟೆಯೂ, ಹೊರಡುತ್ತದೆ. ಇತರೆಡೆ ಅದು ಶುಕ್ರವಾರ ರಾತ್ರಿಯ ಆಚರಣೆ. ವೆನಿಸಿನ ಆಡಳಿತ 1574ರಲ್ಲಿ ಭದ್ರತೆಯ ಕಾರಣ ಹೇಳಿ ಶುಕ್ರವಾರದ ಮೆರವಣಿಗೆಯನ್ನು ನಿಷೇಧಿಸಿದಾಗ ಜನ ಅದನ್ನು ಮರುದಿನದ ಸಂತನ ಮೆರವಣಿಗೆಗೆ ಜೋಡಿಸಿಕೊಂಡರು. ನಿಷೇಧ ಹೋಗಿ ಎಷ್ಟೋ ಕಾಲವಾದರೂ, ಉಳಿದ ಚರ್ಚುಗಳು ಶುಕ್ರವಾರಕ್ಕೆ ಮರಳಿದರೂ, ಈ ಒಂದು ಚರ್ಚು ತನ್ನ ಶನಿವಾರವನ್ನು ಬಿಟ್ಟುಕೊಟ್ಟಿಲ್ಲ.

ಮೆರವಣಿಗೆಯಲ್ಲಿ ಶೋಕಗೀತೆಯನ್ನು ನುಡಿಸುವವರು ಹಳೆಯ ಫಿಲ್‌ಹಾರ್ಮೊನಿಕ್ ಸಂಘದವರು. ಬ್ರಿಟಿಷರು ತಮ್ಮ ಸೇನೆಯ ವಾದ್ಯವೃಂದ ಗ್ರೀಕರ ಕ್ರೈಸ್ತ ಪಂಥವಾದ ಆರ್ಥೊಡಾಕ್ಸ್ ಚರ್ಚಿನ ಮೆರವಣಿಗೆಗಳಲ್ಲಿ ನುಡಿಸಬಾರದೆಂದು ನಿರ್ಬಂಧಿಸಿದ ಮೇಲೆ ಊರಿನವರು 1840ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅದರ ಸಂಗೀತ ನಿರ್ದೇಶಕರಾಗಿದ್ದ ನಿಕೊಲಾಓಸ್ ಮಾಂಡ್ಝಾರೊಸ್ ಅವರ ಸ್ವರಸಂಯೋಜನೆಯೇ ಇಂದು ಗ್ರೀಸ್‌ನ ರಾಷ್ಟ್ರಗೀತೆ.

ಹನ್ನೊಂದು ಗಂಟೆಗೆ ಗಂಟೆಗಳು ಮೊಳಗುತ್ತವೆ. ಕೆಂಪು ಬಟ್ಟೆ ಹೊದಿಸಿದ ಬಾಲ್ಕನಿಗಳಿಂದ ನೀರು ತುಂಬಿದ ಮಡಕೆಗಳು ಬೀದಿಗೆ ಬೀಳುತ್ತವೆ. ಕೆಲವಂತೂ ಇಬ್ಬರು ಸೇರಿ ಎತ್ತಬೇಕಾದಷ್ಟು ದೊಡ್ಡವು. ವೆನಿಸಿನವರು ಹೊಸ ವರ್ಷಕ್ಕೆ ಹಳೆಯ ಪಾತ್ರೆಗಳನ್ನು ಎಸೆಯುತ್ತಿದ್ದುದೇ ಇದರ ಮೂಲವೆಂದು ಕೆಲವರೂ, ಕ್ರಿಸ್ತನ ಪುನರುತ್ಥಾನದ ವೇಳೆ ನಡುಗಿದ ಭೂಮಿಯ ಸದ್ದೆಂದು ಇನ್ನು ಕೆಲವರೂ ವಿವರಿಸುತ್ತಾರೆ. ಸದ್ದಡಗಿದ ಕೂಡಲೇ ಜನ ಅದೃಷ್ಟಕ್ಕೆಂದು ಚೂರುಗಳನ್ನು ಆಯ್ದುಕೊಳ್ಳುತ್ತಾರೆ, ಅದೇ ವಾದ್ಯವೃಂದಗಳು ಹುರುಪಿನ ನಡಿಗೆಯ ಸಂಗೀತ ನುಡಿಸುತ್ತಾ ಬರುತ್ತವೆ.

ದ್ವೀಪದ ಕ್ಯಾಥೊಲಿಕರೂ ಈ ಆರ್ಥೊಡಾಕ್ಸ್ ದಿನಾಂಕದಂದೇ ಈಸ್ಟರ್ ಆಚರಿಸುತ್ತಾರೆ. ಬರುವ ಯೋಜನೆಯಿದ್ದರೆ ನಮ್ಮ ಕ್ಯಾಲೆಂಡರಿನ ಗುಡ್ ಫ್ರೈಡೇಯನ್ನು ನಂಬದೆ ಆರ್ಥೊಡಾಕ್ಸ್ ಪಂಚಾಂಗವನ್ನು ನೋಡಿಕೊಂಡೇ ಟಿಕೆಟ್ ಕಾಯ್ದಿರಿಸಿ, ಏಕೆಂದರೆ ಕೆಲವು ವರ್ಷ ಎರಡರ ನಡುವೆ ಐದು ವಾರಗಳ ಅಂತರವಿರುತ್ತದೆ. ಜನಜಂಗುಳಿ ಬೇಡವೆನ್ನುವವರಿಗೆ ನವೆಂಬರ್‌ನ ಮೆರವಣಿಗೆ ಒಳ್ಳೆಯದು: ಆ ಹೊತ್ತಿಗೆ ಪ್ರವಾಸಿಗರು ಹೊರಟುಹೋಗಿರುತ್ತಾರೆ, ಬೀದಿಯಲ್ಲಿ ಇರುವವರು ಬಹುತೇಕ ಊರಿನವರೇ.