ಎಷ್ಟು ರೂಪಾಯಿ ಅಂತ ಮೊದಲು ಹೇಳಿ ಸ್ವಾಮಿ!

ನಮಸ್ಕಾರ ಎಲ್ಲರಿಗೂ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. 'ಕೊರೊನಾ ಟೈಮಲ್ಲಿ ಇಎಂಐ ಮುಂದಕ್ಕೆ ಹಾಕಿಸಿಕೊಂಡು ಆಮೇಲೆ ಗೋಳಾಡಿದವರದ್ದೇ ತಪ್ಪು. ಬಡ್ಡಿ ಬೀಳುತ್ತೆ ಅಂತ ಆರ್‌ಬಿಐ ಸುತ್ತೋಲೆಯಲ್ಲೇ ಇತ್ತು' ಅಂತ. ಓದಿ ಮೈ ಉರಿದುಹೋಯಿತು.

ಇತ್ತು, ಹೌದು. 2020ರ ಮಾರ್ಚ್ 27ರ ಸುತ್ತೋಲೆ. ಮಾರ್ಚ್ 1ರಿಂದ ಮೇ 31ರವರೆಗಿನ ಕಂತುಗಳಿಗೆ ಮೂರು ತಿಂಗಳ ಬಿಡುವು ಕೊಡಬಹುದು ಅಂತ ಬ್ಯಾಂಕುಗಳಿಗೆ ಅನುಮತಿ. ಅದೇ ಪ್ಯಾರಾದ ಒಳಗೆ, ಬಾಕಿ ಸಾಲಕ್ಕೆ ಬಡ್ಡಿ ಸೇರುತ್ತಲೇ ಇರುತ್ತದೆ ಅಂತ ಒಂದು ಸಾಲು. ಎಷ್ಟು ಸೇರುತ್ತದೆ? ಅದಿಲ್ಲ. ನಾನು ಕೇಳುವುದು ಇಷ್ಟೇ. ಜನರಿಗೆ ಪರಿಹಾರ ಅಂತ ಪ್ರಕಟಣೆ ಹೊರಡಿಸಿದರೆ, ಅದರಿಂದ ಅವರ ಜೇಬಿಗೆ ಎಷ್ಟು ಹೊರೆ ಅಂತ ಮೊದಲು ಬರೆಯಿರಿ. ರೂಪಾಯಿಯಲ್ಲಿ ಬರೆಯಿರಿ.

'ಒಬ್ಬೊಬ್ಬರ ಸಾಲ ಒಂದೊಂದು ಥರ, ಲೆಕ್ಕ ಹೇಗೆ ಕೊಡೋದು' ಅಂತೀರಾ? ಎಸ್‌ಬಿಐ ಕೊಟ್ಟಿತ್ತಲ್ಲ! 30 ಲಕ್ಷದ ಮನೆ ಸಾಲ, ತೀರಲು ಇನ್ನೂ 15 ವರ್ಷ ಇದೆ ಅಂದುಕೊಳ್ಳಿ. ಬಿಡುವು ತಗೊಂಡರೆ ಹೆಚ್ಚುವರಿ ಬಡ್ಡಿ ಸುಮಾರು 2.34 ಲಕ್ಷ ಅಂತ ಅವರೇ ತಿಳಿಸಿದ್ದರು. ಅದು ಎಂಟು ಕಂತಿಗೆ ಸಮ. ಮೂರು ಕಂತು ಮುಂದಕ್ಕೆ ಹಾಕಿದ್ದಕ್ಕೆ ಎಂಟು ಕಂತಿನಷ್ಟು ಬಡ್ಡಿ! ಈ ಒಂದು ಉದಾಹರಣೆ ನೋಡಿದರೆ ಸಾಕು, ಸಂಬಳ ಬರುತ್ತಿದ್ದವರು ಯಾರೂ ಬಿಡುವು ಕೇಳುತ್ತಿರಲಿಲ್ಲ. ಸಂಬಳ ನಿಂತವರೂ ಗೊತ್ತಿದ್ದೇ ತಗೊಳ್ಳುತ್ತಿದ್ದರು. (ಸಾಲದ ಲೆಕ್ಕ ಹಾಕೋದು ಹೇಗೆ ಅಂತ ಒಂದು ವಿಡಿಯೋ ಮಾಡಿದ್ದೀನಿ, ಲಿಂಕ್ ಕೆಳಗಿದೆ, ಖಂಡಿತ ನೋಡಿ.)

'ಸುತ್ತೋಲೆ ಇರೋದು ಬ್ಯಾಂಕಿಗೆ, ಜನರಿಗಲ್ಲ' ಅನ್ನೋರೂ ಇದ್ದಾರೆ. ಹಾಗಾದರೆ ಆಗಿನ ಆರ್‌ಬಿಐ ಗವರ್ನರ್ ಶಕ್ತಿಕಾಂತ ದಾಸ್ ಅವರ ಘೋಷಣೆ ಟಿವಿಯಲ್ಲಿ ಬಂದಿದ್ದು ಯಾರಿಗೆ? ದಿನವಿಡೀ 'ಇಎಂಐ ಕಟ್ಟಬೇಕಿಲ್ಲ' ಅಂತ ಕೇಳಿಸಿಕೊಂಡವರು ನಾವೇ ಅಲ್ವಾ? ಮನೇಲಿ ದುಡ್ಡಿಲ್ಲದೆ ಕೂತವರು ಸುತ್ತೋಲೆ ಹುಡುಕಿ ಓದಬೇಕಿತ್ತಂತೆ. ಎಂಥಾ ಮಾತು! ಅದರ ಮೇಲೆ ಒಂದೊಂದು ಬ್ಯಾಂಕಿಗೆ ಒಂದೊಂದು ರೀತಿ. ಕೆಲವು ಕಡೆ ಬಿಡುವು ಬೇಕು ಅಂತ ಕೇಳಬೇಕಿತ್ತು, ಕೆಲವು ಕಡೆ ಬೇಡ ಅಂತ ಹೇಳದಿದ್ದರೆ ತಾನಾಗೇ ಸಿಗುತ್ತಿತ್ತು.

ಅವಸರದಲ್ಲಿ ಮಾಡಿದ್ದು ಅಂತೀರಾ? ಮೇ 22ಕ್ಕೆ ಮತ್ತೆ ಆಗಸ್ಟ್ 31ರವರೆಗೆ ವಿಸ್ತರಿಸಿದರಲ್ಲ, ಆಗಲೂ ಅವಸರವಾ? ಆಮೇಲೆ ಬಡ್ಡಿಯ ಮೇಲಿನ ಬಡ್ಡಿ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 2 ಕೋಟಿವರೆಗಿನ ಸಾಲಗಳಿಗೆ ಆ ಚಕ್ರಬಡ್ಡಿ ತಾನೇ ಭರಿಸುತ್ತೇನೆ ಅಂದಿತು. 2021ರ ಮಾರ್ಚ್ 23ಕ್ಕೆ ಕೋರ್ಟು, ಸಾಲ ಎಷ್ಟೇ ಇರಲಿ, ಬಿಡುವಿನ ಅವಧಿಗೆ ಚಕ್ರಬಡ್ಡಿ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಒಂದು ವರ್ಷ! ಅಷ್ಟು ದಿನ ಜನ ಎಷ್ಟು ಕಟ್ಟಬೇಕು ಅಂತ ಗೊತ್ತಿಲ್ಲದೆ ಒದ್ದಾಡಿದರು. ಮಾಮೂಲಿ ಬಡ್ಡಿಯಂತೂ ಆಮೇಲೂ ಬಿಡಲಿಲ್ಲ.

ಎಷ್ಟು ರೂಪಾಯಿ ಅಂತ ಮೊದಲು ಹೇಳಿ. ದೊಡ್ಡ ಅಕ್ಷರದಲ್ಲಿ ಹೇಳಿ. ಕನ್ನಡದಲ್ಲಿ ಹೇಳಿ. ಇದರಲ್ಲಿ ವಾದ ಮಾಡೋಕೆ ಏನಿದೆ? ಏನೂ ಇಲ್ಲ!

ನೀವು ಬಿಡುವು ತಗೊಂಡಿದ್ದರೆ ಎಷ್ಟು ಕಂತು ಜಾಸ್ತಿ ಆಯಿತು ಅಂತ ಕಮೆಂಟಲ್ಲಿ ಬರೆಯಿರಿ. ಸಬ್‌ಸ್ಕ್ರೈಬ್ ಮಾಡಿ, ಸಾಲ ಇರೋ ಸ್ನೇಹಿತರಿಗೆ ಕಳಿಸಿ. ಮುಂದಿನ ವಾರ ಪಿಎಫ್ ದುಡ್ಡು ತೆಗೆಯೋ ವಿಷಯ ಮಾತಾಡೋಣ.