ಬಾವಿಕಟ್ಟೆಯ ಬದಿಯಲ್ಲಿ ಮೀನು ಮತ್ತು ಬಸಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೀನು ಸಾಕುವ ತೊಟ್ಟಿಯ ನೀರನ್ನು ತರಕಾರಿಯ ಮಡಿಗೆ ಹಾಯಿಸಿ, ಅಲ್ಲಿ ತಿಳಿಯಾದ ನೀರನ್ನು ಮರಳಿ ತೊಟ್ಟಿಗೇ ಬಿಡುವ ಕ್ರಮಕ್ಕೆ ಅಕ್ವಾಪೋನಿಕ್ಸ್ ಎಂದು ಹೆಸರು. ಉಡುಪಿಯ ನಮ್ಮ ಮನೆಯ ಹಿತ್ತಿಲಲ್ಲಿ, ಬಾವಿಕಟ್ಟೆಯ ಪಕ್ಕದಲ್ಲಿ, ಇಂಥದೊಂದು ಸಣ್ಣ ಮಾದರಿಯನ್ನು ಕಟ್ಟಿದ್ದೇನೆ. ಆ ಕೆಲಸದಲ್ಲಿ ತಿಳಿದುಬಂದ ಸಂಗತಿಗಳನ್ನು, ಅದರಲ್ಲೂ ನಮ್ಮ ಕರಾವಳಿಯ ನೀರು ಮತ್ತು ಮಳೆ ಒಡ್ಡುವ ತೊಡಕುಗಳನ್ನು, ತಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೀನು ತಿಂದ ಆಹಾರದ ಒಂದು ಪಾಲು ಅಮೋನಿಯವಾಗಿ ಕಿವಿರುಗಳ ಮೂಲಕ ನೀರನ್ನು ಸೇರುತ್ತದೆ. ಅಮೋನಿಯ ಮೀನಿಗೆ ವಿಷ. ಮಡಿಗೆ ಮಣ್ಣಿನ ಬದಲು ತುಂಬಿದ ಕಲ್ಲುಗಳಿಗೆ ಅಂಟಿಕೊಂಡು ಬದುಕುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ; ನೈಟ್ರೇಟ್ ಮಾತ್ರ ಗಿಡಕ್ಕೆ ಒಳ್ಳೆಯ ಗೊಬ್ಬರ. ಹಾಗಾಗಿ ಮೀನಿಗಿಂತ, ಗಿಡಕ್ಕಿಂತ ಮೊದಲು ಸಾಕಬೇಕಾದದ್ದು ಕಣ್ಣಿಗೆ ಕಾಣದ ಈ ಜೀವಿಗಳನ್ನು. ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರವನ್ನಷ್ಟೇ ಹಾಕುತ್ತ, ಮೀನು ಬಿಡದೆ, ನಾಲ್ಕರಿಂದ ಆರು ವಾರ ಕಾಯಬೇಕು. ಈ ತಾಳ್ಮೆಯಿಲ್ಲದೆ ಮೊದಲ ವಾರವೇ ಮರಿ ಬಿಟ್ಟು ಕಳೆದುಕೊಂಡವರನ್ನು ಕಂಡಿದ್ದೇನೆ.

ನನ್ನ ತೊಟ್ಟಿ 500 ಲೀಟರಿನದು. ಮಡಿ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದು ಅಡಿ ಆಳ. ಅದಕ್ಕೆ ಮುಕ್ಕಾಲು ಇಂಚಿನ ಕಪ್ಪು ಜಲ್ಲಿಯನ್ನು ತೊಳೆದು ತುಂಬಿದ್ದೇನೆ. ಕೆಂಪುಕಲ್ಲಿನ ಚೂರು ಇಲ್ಲಿ ಅಗ್ಗಕ್ಕೆ ಸಿಗುತ್ತದೆಯಾದರೂ ಅದರ ಮಣ್ಣು ಎಷ್ಟು ತೊಳೆದರೂ ನೀರಿಗೆ ಬಿಡುತ್ತಲೇ ಇರುತ್ತದೆ. ನೀರು ತುಂಬಿದ ಇಂಥ ಮಡಿ ಅರ್ಧ ಟನ್ನಿಗೂ ಮಿಕ್ಕಿ ತೂಗುವುದರಿಂದ ಟೆರೇಸಿನ ಮೇಲೆ ಇಡುವ ಯೋಚನೆಯುಳ್ಳವರು ಎಂಜಿನಿಯರನ್ನು ಕೇಳದೆ ಮುಂದುವರಿಯಬಾರದು. ತೊಟ್ಟಿಯ ನೀರು ಗಂಟೆಗೊಮ್ಮೆ ಪೂರ್ತಿ ಸುತ್ತಿ ಬರಬೇಕು. ಎತ್ತರಕ್ಕೆ ಏರಿಸುವಾಗ ಪಂಪಿನ ಹರಿವು ಕುಗ್ಗುವುದರಿಂದ ಗಂಟೆಗೆ 1,000 ಲೀಟರಿನ ಪಂಪನ್ನೇ ಕೊಂಡೆ.

ಮಡಿಯನ್ನು ತಾನಾಗಿ ತುಂಬಿಸಿ ಬರಿದು ಮಾಡುವ ಬೆಲ್ ಸೈಫನ್ ಈ ಮಾದರಿಯ ಹೃದಯ. ನೆಟ್ಟಗೆ ನಿಲ್ಲಿಸಿದ ಒಂದು ಇಂಚಿನ ಕೊಳವೆಯ ಮೇಲೆ, ತಲೆ ಮುಚ್ಚಿದ ಅಗಲವಾದ ಇನ್ನೊಂದು ಕೊಳವೆಯನ್ನು ಕವುಚಿ ಹಾಕುತ್ತೇವೆ. ನೀರು ಒಳಗಿನ ಕೊಳವೆಯ ಬಾಯಿ ಮುಟ್ಟಿ ಒಳಗೆ ಸುರಿದಾಗ ಗಾಳಿಯನ್ನು ಹೊರದಬ್ಬುತ್ತದೆ. ಆಮೇಲೆ ಮಡಿಯ ನೀರೆಲ್ಲ ಒಂದೇ ಸೆಳೆತಕ್ಕೆ ಇಳಿದು, ಹೊರಕೊಳವೆಯ ಬುಡದಲ್ಲಿ ಕೊರೆದ ಕಂಡಿಗಳಿಗೆ ಗಾಳಿ ತಗುಲಿದ ಕ್ಷಣ ಗೊರಗೊರ ಸದ್ದಿನೊಂದಿಗೆ ನಿಲ್ಲುತ್ತದೆ. ನನ್ನದು ಮೂರು ದಿನ ಈ ಸದ್ದನ್ನೇ ಮಾಡಲಿಲ್ಲ. ಹರಿವು ಸಾಲದೆ ನೀರು ಕೊಳವೆಯ ಗೋಡೆಗುಂಟ ಸುಮ್ಮನೆ ಜಿನುಗುತ್ತಿತ್ತು. ಕೆಳತುದಿಗೆ ಎರಡು ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಕೊಳವೆತುಂಡು, ಜೋಡಿಸಿ, ಅಲ್ಲಿ ಕೊಂಚ ನೀರು ನಿಲ್ಲುವಂತೆ ಮಾಡಿದ ಮೇಲೆ ಸೆಳೆತ ಹಿಡಿಯಿತು. ಸೈಫನ್ನಿನ ಸುತ್ತ ತೂತು ಕೊರೆದ ದಪ್ಪ ಕೊಳವೆಯ ಬೇಲಿಯೂ ಇರಲಿ. ಇಲ್ಲವಾದರೆ ಬಸಳೆಯ ಬೇರು ಕಂಡಿಗಳನ್ನು ಮುಚ್ಚಿಬಿಡುತ್ತದೆ.

ಇನ್ನು ನಮ್ಮ ನೀರಿನ ವಿಚಾರ. ಕೆಂಪುಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ನಮ್ಮ ಬಾವಿಯದರ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 6.1 ಇತ್ತು; ಈ ಅಳತೆ 7ಕ್ಕಿಂತ ಇಳಿದಷ್ಟೂ ಆಮ್ಲ ಹೆಚ್ಚು. ಅಮೋನಿಯವನ್ನು ನೈಟ್ರೇಟ್ ಮಾಡುವ ಕ್ರಿಯೆಯೇ ಆಮ್ಲವನ್ನು ಹುಟ್ಟಿಸುವುದರಿಂದ ಮೂರನೆಯ ವಾರಕ್ಕೆ ಅದು 5.5ಕ್ಕೆ ಇಳಿಯಿತು, ಬ್ಯಾಕ್ಟೀರಿಯಗಳ ಕೆಲಸ ಬಹುಪಾಲು ನಿಂತಿತು, ಅಮೋನಿಯ ಇದ್ದಲ್ಲೇ ಉಳಿಯಿತು. ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇತ್ತು. ಸುಕ್ಕ ಎಂಬ ಪಲ್ಯ ಮಾಡಿ ಉಳಿದ ಮರುವಾಯಿಯ, ಅಂದರೆ ಚಿಪ್ಪುಮೀನಿನ, ಚಿಪ್ಪುಗಳನ್ನು ಉಪ್ಪು, ಖಾರ ಹೋಗುವವರೆಗೆ ತೊಳೆದು, ಒಣಗಿಸಿ, ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ತೂಗಿಬಿಟ್ಟೆ. ಚಿಪ್ಪಿನ ಸುಣ್ಣದಂಶ ಆಮ್ಲ ಹೆಚ್ಚಿದಾಗ ಮಾತ್ರ ಕರಗುವುದರಿಂದ ಪಿಎಚ್ ಒಮ್ಮೆಲೇ ಜಿಗಿಯುವ ಭಯವಿಲ್ಲ. ಹತ್ತು ದಿನಗಳಲ್ಲಿ ಅದು 6.7 ತಲುಪಿತು. ನಗರದ ನಳ್ಳಿ ನೀರು ಬಳಸುವವರು ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಟ್ಟು ಬಳಸಬೇಕು.

ಮೀನಿಗೆ ನಾನು ಆರಿಸಿದ್ದು ಸಾಮಾನ್ಯ ಗೆಂಡೆಯ ಇಪ್ಪತ್ತು ಮರಿಗಳನ್ನು. ನನ್ನ ಮಡಿಯ ವಿಸ್ತೀರ್ಣಕ್ಕೆ ದಿನಕ್ಕೆ 40 ಗ್ರಾಂ ಆಸುಪಾಸಿನ ಆಹಾರದಿಂದ ಹರಿವೆ, ಬಸಳೆಗಳಿಗೆ ಬೇಕಾದಷ್ಟು ಪೋಷಣೆ ದೊರೆಯುತ್ತದೆ. ಮರಿಗಳು ಬೆಳೆದಂತೆ ಆ ಪ್ರಮಾಣಕ್ಕೆ ಬರಬೇಕು. ಮೀನುಗಾರಿಕೆ ಕಲಿಸುವ ದೇಶದ ಮೊದಲ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲಿಯೇ. ತಳಿಯ ಬಗ್ಗೆ ಅನುಮಾನವಿದ್ದವರು ಅಂಥಲ್ಲಿನ ತಜ್ಞರನ್ನು ಕೇಳುವುದು ಒಳಿತು.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜುಲೈಯ ಒಂದು ರಾತ್ರಿ ತೊಟ್ಟಿ ಉಕ್ಕಿ ಹರಿದು, ಬೆಳಗ್ಗೆ ನೋಡಿದರೆ ಆರು ಮರಿಗಳು ಅಂಗಳದ ಕೆಂಪುಕಲ್ಲಿನ ಮೇಲೆ ಸತ್ತು ಬಿದ್ದಿದ್ದವು. ಆ ದೃಶ್ಯ ಇಂದಿಗೂ ನೋಯಿಸುತ್ತದೆ. ಮರುದಿನವೇ ತೊಟ್ಟಿಗೆ ಬಲೆ ಬಿಗಿದ ಉಕ್ಕುಗಿಂಡಿಯನ್ನು, ಅಂದರೆ ಹೆಚ್ಚಾದ ನೀರು ಹೊರಹೋಗುವ ಕಂಡಿಯನ್ನು, ಕೊರೆದು, ಮಡಿಗೆ ಪಾರದರ್ಶಕ ಶೀಟಿನ ಮಾಡು ಹೊದಿಸಿದೆ. ಗಾಳಿಮಳೆಗೆ ಕರೆಂಟು ಹೋದಾಗ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ಅದಕ್ಕಾಗಿ ಬ್ಯಾಟರಿಯ ಗಾಳಿ ಪಂಪು ಕೈಗೆಟಕುವಲ್ಲಿ ಇರಬೇಕು.

ಹೊಸದಾಗಿ ಕಟ್ಟುವವರು ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಲ್ಲಿ, ನೀರು ತುಂಬಿಸಿ ಆರಂಭಿಸುವುದು ಒಳ್ಳೆಯದು. ನವೆಂಬರ್ ಕೊನೆಗೆ ಮಡಿ ಹದಗೊಂಡು ಮರಿ ಬಿಡಬಹುದು. ಮುಂದಿನ ಮಳೆ ಬರುವಷ್ಟರಲ್ಲಿ ಬಸಳೆ ಚಪ್ಪರ ಹತ್ತಿರುತ್ತದೆ, ಉಕ್ಕುಗಿಂಡಿ ಎಲ್ಲಿ ಬೇಕೆಂಬುದೂ ತಮಗೆ ಗೊತ್ತಾಗಿರುತ್ತದೆ.

ನಮಸ್ಕಾರ.