ಬಿಚ್ಚಿ ಹೆಣೆಯುವ ಹವ್ಯಾಸ

ಕೇಳುಗರಿಗೆ ನಮಸ್ಕಾರ.

ಎರಡು ಕಡ್ಡಿ, ಒಂದು ಉಂಡೆ ನೂಲು. ಇಷ್ಟೇ ಸಾಮಗ್ರಿಯಿಂದ ನಡೆಯುವ ಹೆಣಿಗೆಯ ಹವ್ಯಾಸದ ಬಗ್ಗೆ ಇಂದು ಮಾತನಾಡಲು ಬಂದಿದ್ದೇನೆ. ಹೆಣೆಯುತ್ತಾ ಕೂತವರನ್ನು ಕಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ಇದು ಏನಾಗುತ್ತದೆ, ಯಾವಾಗ ಮುಗಿಯುತ್ತದೆ ಎಂದು. ಹೆಣೆಯುವವರಿಗಾದರೋ ಮುಗಿಯುವ ದಿನದ ಯೋಚನೆ ಅಷ್ಟಾಗಿ ಇರುವುದಿಲ್ಲ. ಈಗ ಕಡ್ಡಿಯ ಮೇಲಿರುವ ಸಾಲು ಹದವಾಗಿ ಬಂದಿದೆಯೇ, ನೂಲಿನ ಬಿಗಿ ಒಂದೇ ಸಮನಾಗಿದೆಯೇ, ಹತ್ತು ಸಾಲಿನ ಕೆಳಗೆ ಶುರುವಾದ ವಿನ್ಯಾಸ ಮೇಲೆದ್ದು ಕಾಣತೊಡಗಿತೇ ಎಂಬ ಕುತೂಹಲದಲ್ಲೇ ಅವರ ಮನಸ್ಸು ನೆಟ್ಟಿರುತ್ತದೆ. ಈ ಕುತೂಹಲ ವರ್ಷಗಳು ಕಳೆದರೂ ಬತ್ತದಿರಲು ಒಂದು ಸರಳವಾದ ಕಾರಣವಿದೆ ಎಂದು ನಾನು ನಂಬಿದ್ದೇನೆ. ಹೆಣೆದದ್ದನ್ನು ಬಿಚ್ಚಬಹುದು. ಕತ್ತರಿ ತಗುಲಿದ ಬಟ್ಟೆ ಮತ್ತೆ ಇಡಿಯಾಗದು. ಹೆಣಿಗೆಯ ನೂಲಾದರೋ ತುದಿ ಹಿಡಿದು ಎಳೆದರೆ ಮತ್ತೆ ನೂಲಾಗಿಯೇ ಕೈಗೆ ಬರುತ್ತದೆ. ಆದ್ದರಿಂದಲೇ ಹೆಣೆಯುವವರು ಧೈರ್ಯವಾಗಿ ಪ್ರಯೋಗ ಮಾಡುತ್ತಾರೆ.

ಇದು ಹೇಗೆ ಸಾಧ್ಯ ಎಂಬುದನ್ನು ಸ್ವಲ್ಪ ವಿವರಿಸಬೇಕು. ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹೆಣಿಗೆಯಲ್ಲಿ ಒಂದೇ ಎಳೆ ಸಾಲಿನಿಂದ ಸಾಲಿಗೆ ಹೋಗುತ್ತಾ, ಕೆಳಗಿನ ಸಾಲಿನ ಪ್ರತಿಯೊಂದು ಕುಣಿಕೆಯ ಮೂಲಕ ಹೊಸದೊಂದು ಕುಣಿಕೆಯಾಗಿ ಹೊರಬರುತ್ತದೆ. ಎಲ್ಲಿಯೂ ಗಂಟು ಬೀಳುವುದಿಲ್ಲ. ಮೇಲಿನ ಕುಣಿಕೆ ಕೆಳಗಿನದನ್ನು ಹಿಡಿದಿರುತ್ತದೆ, ಕೊನೆಯ ಸಾಲನ್ನು ಕಡ್ಡಿ ಹಿಡಿದಿರುತ್ತದೆ. ಹೆಣಿಗೆಗಿಂತ ಹಳೆಯದಾದ ಇನ್ನೊಂದು ಪದ್ಧತಿಯಲ್ಲಿ ಕಣ್ಣುಳ್ಳ ಒಂಟಿ ಸೂಜಿಯಿಂದ ತುಂಡು ತುಂಡು ನೂಲನ್ನು ಪೂರ್ತಿಯಾಗಿ ಪ್ರತಿ ಕುಣಿಕೆಯೊಳಗಿಂದ ಎಳೆದು ಬಟ್ಟೆ ಮಾಡುತ್ತಿದ್ದರು. ಈಜಿಪ್ಟಿನಲ್ಲಿ ದೊರೆತ, 3ರಿಂದ 5ನೆಯ ಶತಮಾನದವೆಂದು ಹೇಳಲಾಗುವ ಕೆಂಪು ಉಣ್ಣೆಯ ಕಾಲುಚೀಲಗಳು ಆ ಪದ್ಧತಿಯವು. ಅವು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ನೋಡಲು ಅವು ಹೆಣಿಗೆಯಂತೆಯೇ ಇವೆ, ಆದರೆ ತುದಿ ಹಿಡಿದು ಎಳೆದರೆ ಆ ಬಗೆಯ ಬಟ್ಟೆ ಬಿಚ್ಚಿಕೊಳ್ಳುವುದಿಲ್ಲ. ಎರಡು ಕಡ್ಡಿಯ ಹೆಣಿಗೆಯ ವಿಶೇಷವೇನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹೆಣಿಗೆಯ ಮೂಲ ಕುಣಿಕೆಗಳು ಎರಡೇ, ಸೀದಾ ಮತ್ತು ಉಲ್ಟಾ. ನಿಜ ಹೇಳಬೇಕೆಂದರೆ ಅವೆರಡೂ ಒಂದೇ. ಸೀದಾ ಕುಣಿಕೆಯನ್ನು ಬಟ್ಟೆಯ ಹಿಂಬದಿಯಿಂದ ನೋಡಿದರೆ ಅದೇ ಉಲ್ಟಾ. ಒಂದು ಸಾಲು ಸೀದಾ, ಮರುಸಾಲು ಉಲ್ಟಾ ಹೆಣೆಯುತ್ತಾ ಹೋದರೆ ಮುಂಬದಿ ನಯವಾಗಿ ಬರುತ್ತದೆ, ಆದರೆ ಅದರ ಎರಡು ಪಕ್ಕದ ಅಂಚುಗಳು ಹಿಂದಕ್ಕೂ ಮೇಲಿನ ಮತ್ತು ಕೆಳಗಿನ ಅಂಚುಗಳು ಮುಂದಕ್ಕೂ ಸುರುಳಿ ಸುತ್ತಿಕೊಳ್ಳುತ್ತವೆ. ಹೊಸಬರು ಇದನ್ನು ತಮ್ಮ ಕೈತಪ್ಪೆಂದು ತಿಳಿದು ಬೇಸರಪಡುವುದುಂಟು. ಅದು ತಪ್ಪಲ್ಲ, ಬಾಗಿದ ನೂಲು ನೆಟ್ಟಗಾಗಲು ಹವಣಿಸುವುದರಿಂದಲೂ ಬಟ್ಟೆಯ ಎರಡು ಬದಿಯ ರಚನೆ ಬೇರೆಯಾಗಿರುವುದರಿಂದಲೂ ಹಾಗಾಗುತ್ತದೆ. ಎಲ್ಲ ಸಾಲುಗಳನ್ನೂ ಸೀದಾ ಹೆಣೆದರೆ ಎರಡು ಬದಿಯ ಎಳೆತ ಸರಿದೂಗಿ ಬಟ್ಟೆ ಮಟ್ಟಸವಾಗಿ ಕೂರುತ್ತದೆ. ಎರಡು ಸೀದಾ, ಎರಡು ಉಲ್ಟಾ ಎಂದು ಉದ್ದುದ್ದಕ್ಕೆ ಪಟ್ಟಿಗಳಾಗಿ ಹೆಣೆದರೆ ರಬ್ಬರಿನ ಸಹಾಯವಿಲ್ಲದೆಯೇ ಹಿಗ್ಗಿ ಕುಗ್ಗುವ ಬಟ್ಟೆ ಸಿದ್ಧವಾಗುತ್ತದೆ. ಮುಂಗೈಗೂ ಸೊಂಟಕ್ಕೂ ಈ ಪಟ್ಟಿಯನ್ನು ಇಡುವುದು ಇದೇ ಕಾರಣಕ್ಕೆ.

ಇನ್ನು ನೂಲಿನ ವಿಚಾರ. ಹೆಣಿಗೆಯ ಹುಚ್ಚು ಹಿಡಿದವರಲ್ಲಿ ನೂಲು ಕೂಡಿಡದವರು ವಿರಳ. ಹೊಸ ಲಡಿಯೊಂದು ಕೈಗೆ ಬಂದರೆ ಮೊದಲು ಬೆರಳುಗಳ ನಡುವೆ ಹೊಸೆದು ನೋಡುತ್ತೇವೆ, ಕೆನ್ನೆಗೋ ಕತ್ತಿಗೋ ತಾಗಿಸಿ ಚುಚ್ಚುತ್ತದೆಯೇ ಎಂದು ಪರೀಕ್ಷಿಸುತ್ತೇವೆ, ಎಷ್ಟು ಎಳೆಗಳನ್ನು ಸೇರಿಸಿ ಹುರಿ ಮಾಡಿದ್ದಾರೆ ಎಂದು ತುದಿಯನ್ನು ಬಿಡಿಸಿ ನೋಡುತ್ತೇವೆ. ಬಿಗಿಯಾಗಿ ಹುರಿಗೊಂಡ ನೂಲು ಕಾಲುಚೀಲದಂತಹ ಸವೆಯುವ ವಸ್ತುವಿಗೆ ಒದಗುತ್ತದೆ. ಸಡಿಲವಾದದ್ದು ಮೃದುವಾಗಿ ಹೊದೆಯುತ್ತದೆ, ಆದರೆ ಬೇಗ ಜುಂಗು ಏಳುತ್ತದೆ. ಉಣ್ಣೆಯ ಎಳೆಯಲ್ಲಿ ಹುಟ್ಟಿನಿಂದಲೇ ಗುಂಗುರು ಇರುವುದರಿಂದ ಅದು ಹಿಗ್ಗಿ ಮತ್ತೆ ತನ್ನ ಅಳತೆಗೆ ಮರಳುತ್ತದೆ, ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸುವುದಿಲ್ಲ. ಹತ್ತಿಯಲ್ಲಿ ಆ ಹಿಗ್ಗು ಇಲ್ಲ. ತಂಪಾಗಿರುತ್ತದೆ, ಕುಣಿಕೆಗಳು ಅಚ್ಚುಕಟ್ಟಾಗಿ ಕಾಣುತ್ತವೆ, ಆದರೆ ಉಡುಪು ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ನೂಲಿನ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಪಕ್ಕದಲ್ಲಿ ಬಣ್ಣ ಅದ್ದಿದ ಕಂತಿನ ಸಂಖ್ಯೆಯೂ ಇರುತ್ತದೆ. ಒಂದೇ ಬಣ್ಣವಾದರೂ ಬೇರೆ ಕಂತಿನದಾದರೆ ಬಟ್ಟೆಯ ನಡುವೆ ಗೆರೆ ಎಳೆದಂತೆ ಕಾಣುವ ಸಾಧ್ಯತೆಯಿದೆ. ಬೇರೆ ದಾರಿಯೇ ಇಲ್ಲದಾಗ ಎರಡು ಉಂಡೆಗಳನ್ನೂ ಎರಡೆರಡು ಸಾಲಿಗೊಮ್ಮೆ ಬದಲಿಸುತ್ತಾ ಹೆಣೆದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಈ ಎಲ್ಲ ಸಂಭ್ರಮದ ನಡುವೆ ಅನೇಕರು ದಾಟಿ ಹೋಗಬಯಸುವ ಹಂತವೊಂದಿದೆ, ಅದು ನನಗೆ ಬಹಳ ಪ್ರಿಯವಾದದ್ದು. ಅದೇ ಮಾದರಿ ತುಂಡು. ಉಡುಪನ್ನು ಆರಂಭಿಸುವ ಮೊದಲು ಅದೇ ನೂಲು, ಅದೇ ಕಡ್ಡಿಯಿಂದ ಸುಮಾರು 15 ಸೆಂಟಿಮೀಟರ್ ಚೌಕದ ತುಂಡೊಂದನ್ನು ಹೆಣೆದು, ಉಡುಪನ್ನು ಹೇಗೆ ಒಗೆಯುತ್ತೇವೆಯೋ ಹಾಗೆಯೇ ಒಗೆದು ಒಣಗಿಸಿ, ಅಂಚುಗಳನ್ನು ಬಿಟ್ಟು ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಇವೆ ಎಂದು ಎಣಿಸಬೇಕು. ಲೆಕ್ಕ ಸರಳವಾದದ್ದು. 10 ಸೆಂಟಿಮೀಟರಿಗೆ 22 ಕುಣಿಕೆ ಬರುವುದಾದರೆ 220 ಕುಣಿಕೆಗಳ ಸ್ವೆಟರಿನ ಸುತ್ತಳತೆ 100 ಸೆಂಟಿಮೀಟರ್ ಆಗುತ್ತದೆ. ನಮ್ಮ ಕೈ ಸ್ವಲ್ಪ ಸಡಿಲವಾಗಿ 20 ಕುಣಿಕೆಯಷ್ಟೇ ಬಂದರೆ ಅದೇ ಸ್ವೆಟರ್ 110 ಸೆಂಟಿಮೀಟರ್ ಆಗುತ್ತದೆ. ತುಂಡಿನಲ್ಲಿ ಕಣ್ಣಿಗೇ ಬೀಳದ ಎರಡು ಕುಣಿಕೆಯ ಅಂತರ ಮೈಮೇಲೆ 10 ಸೆಂಟಿಮೀಟರ್ ಆಗಿ ನಿಲ್ಲುತ್ತದೆ. ಆಗ ಕೈಯ ಬಿಗಿಯನ್ನು ಬಲವಂತವಾಗಿ ತಿದ್ದಲು ಹೋಗಬಾರದು, ಕಡ್ಡಿಯನ್ನು ಬದಲಿಸಬೇಕು. 4 ಮಿಲಿಮೀಟರಿನದನ್ನು ಬಿಟ್ಟು 3.75ರದ್ದನ್ನೋ 3.5ರದ್ದನ್ನೋ ಹಿಡಿದು ಇನ್ನೊಂದು ತುಂಡು ಹೆಣೆಯಬೇಕು. ಕೊಳವೆಯಂತೆ ಸುತ್ತಾಗಿ ಹೆಣೆಯುವ ಉಡುಪಿಗೆ ಮಾದರಿಯನ್ನೂ ಸುತ್ತಾಗಿಯೇ ಹೆಣೆಯುವುದು ಒಳ್ಳೆಯದು, ಏಕೆಂದರೆ ಸುತ್ತಾಗಿ ಹೆಣೆಯುವಾಗ ನಯವಾದ ಬಟ್ಟೆಗೆ ಉಲ್ಟಾ ಸಾಲು ಬೇಕಾಗುವುದಿಲ್ಲ, ಬಹಳ ಜನರ ಕೈಯಲ್ಲಾದರೋ ಉಲ್ಟಾ ಸಾಲು ಸೀದಾ ಸಾಲಿಗಿಂತ ತುಸು ಸಡಿಲವಾಗಿ ಬರುತ್ತದೆ. ಈ ತುಂಡುಗಳನ್ನು ನಾನು ಎಸೆಯುವುದಿಲ್ಲ. ಕಡ್ಡಿಯ ಅಳತೆ ಬರೆದ ಚೀಟಿ ಕಟ್ಟಿ ಇಡುತ್ತೇನೆ. ನೂಲು ಸಾಲದೇ ಹೋದಾಗ ಅವನ್ನೂ ಬಿಚ್ಚಿ ಬಳಸುವುದುಂಟು.

ಹೆಣೆಯುತ್ತಾ ಹೋದಂತೆ ಬಟ್ಟೆಯನ್ನು ಓದುವ ಕಣ್ಣು ಮೂಡುತ್ತದೆ. ಈ ಕಣ್ಣು ಬಂದ ಮೇಲೆ ಬರೆದಿಟ್ಟ ಸೂಚನೆಯ ಅವಲಂಬನೆ ಕಡಿಮೆಯಾಗುತ್ತದೆ. ಜಾಲರಿ ಹೆಣಿಗೆಯಲ್ಲಿ ಇದರ ಉಪಯೋಗ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ನೂಲನ್ನು ಕಡ್ಡಿಗೆ ಸುಮ್ಮನೆ ಒಮ್ಮೆ ಸುತ್ತಿ ರಂಧ್ರ ಮಾಡುತ್ತಾರೆ. ಅದರಿಂದ ಒಂದು ಕುಣಿಕೆ ಹೆಚ್ಚುವುದರಿಂದ ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆದು ಲೆಕ್ಕ ಸರಿಮಾಡುತ್ತಾರೆ. ಹಾಗೆ ಕೂಡಿಸುವಾಗ ಯಾವ ಕುಣಿಕೆ ಮೇಲೆ ಬರುತ್ತದೆ ಎಂಬುದರ ಮೇಲೆ ಗೆರೆ ಎಡಕ್ಕೋ ಬಲಕ್ಕೋ ವಾಲುತ್ತದೆ. ಎಲೆ, ಬಳ್ಳಿ, ಅಲೆ ಎಂದು ನಾವು ನೋಡಿ ಮೆಚ್ಚುವ ಅನೇಕ ಆಕೃತಿಗಳು ಹೊಮ್ಮುವುದು ಈ ರಂಧ್ರ ಮತ್ತು ವಾಲುಗಳ ಜೋಡಣೆಯಿಂದಲೇ. ರಂಧ್ರ ಒಂದು ಮನೆ ಪಕ್ಕಕ್ಕೆ ಸರಿದಿದ್ದರೆ ನುರಿತ ಕಣ್ಣು ಮುಂದಿನ ಸಾಲಿನಲ್ಲೇ ಅದನ್ನು ಹಿಡಿಯುತ್ತದೆ. ಜಾಲರಿಯನ್ನು ಬಿಚ್ಚುವುದು ಕಷ್ಟವಾದ್ದರಿಂದ, ಸರಿಯಾಗಿದೆ ಎಂದು ಖಚಿತವಾದ ಸಾಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ತೆಳು ದಾರವೊಂದನ್ನು ಹಾಯಿಸಿಡುವ ರೂಢಿಯಿದೆ. ಮುಂದೆ ಏನೇ ಆದರೂ ಬಿಚ್ಚಿಕೊಳ್ಳುವುದು ಆ ದಾರದವರೆಗೆ ಮಾತ್ರ. ಹೆಣೆದು ಮುಗಿದಾಗ ಜಾಲರಿ ಮುದುಡಿಕೊಂಡು ಸಪ್ಪೆಯಾಗಿ ಕಾಣುತ್ತದೆ. ನೀರಿನಲ್ಲಿ ನೆನೆಸಿ, ಹಿಗ್ಗಿಸಿ, ಗುಂಡುಸೂಜಿಗಳಿಂದ ಹರಡಿ ಒಣಗಿಸಿದರೆ ಪ್ರತಿಯೊಂದು ರಂಧ್ರವೂ ತೆರೆದುಕೊಳ್ಳುತ್ತದೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಅತಿ ತೆಳ್ಳನೆಯ ಶಾಲುಗಳು ಉಂಗುರದೊಳಗೆ ಹಾಯುವಷ್ಟು ನವಿರು ಎಂದು ಹೆಸರಾಗಿರುವುದು ಇದೇ ಬಗೆಯ ಕೆಲಸಕ್ಕೆ.

ಕಾಲುಚೀಲದ ಹಿಮ್ಮಡಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸುತ್ತಾಗಿ ಕೊಳವೆಯಂತೆ ಇಳಿದು ಬಂದ ಹೆಣಿಗೆಯನ್ನು ಹಿಮ್ಮಡಿಯ ಬಳಿ ನಿಲ್ಲಿಸಿ, ಅರ್ಧದಷ್ಟು ಕುಣಿಕೆಗಳ ಮೇಲೆ ಮಾತ್ರ ಹಿಂದೆ ಮುಂದೆ ಹೆಣೆದು, ಆಮೇಲೆ ನಡುವಿನ ಕೆಲವೇ ಕುಣಿಕೆಗಳಿಂದ ಶುರುಮಾಡಿ ಪ್ರತಿ ಸಾಲಿನಲ್ಲೂ ತುಸು ತುಸು ಹೆಚ್ಚು ದೂರ ಹೋಗಿ ತಿರುಗುತ್ತಾ ಬಂದರೆ, ಚಪ್ಪಟೆಯಾಗಿದ್ದ ಬಟ್ಟೆ ಕಣ್ಣೆದುರೇ ಬಟ್ಟಲಿನ ಆಕಾರ ತಾಳುತ್ತದೆ. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರ ಬುದ್ಧಿಗೆ ಪ್ರತಿ ಹಿಮ್ಮಡಿಯಲ್ಲೂ ಮನಸಾರೆ ತಲೆಬಾಗುತ್ತೇನೆ.

ಈ ವಿದ್ಯೆಗೆ ಬಹಳ ವಯಸ್ಸಾಗಿದೆ. 1400ರ ಸುಮಾರಿಗೆ ಜರ್ಮನಿಯ ಮಾಸ್ಟರ್ ಬರ್ಟ್ರಾಮ್ ಎಂಬ ಚಿತ್ರಕಾರನಿಗೆ ಸಲ್ಲುವ ಚರ್ಚಿನ ಚಿತ್ರವೊಂದರಲ್ಲಿ ಮೇರಿ ಮಾತೆ ಹಲವು ಕಡ್ಡಿಗಳ ಮೇಲೆ ಅಂಗಿಯ ಕೊರಳನ್ನು ಸುತ್ತಾಗಿ ಹೆಣೆಯುತ್ತಿದ್ದಾಳೆ. ಇಂದಿಗೂ ನಾವು ಹೆಣೆಯುವುದು ಹಾಗೆಯೇ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ರೂಪಿಸಿದನು, ಆದರೂ ಕೈಯ ಕಡ್ಡಿಗಳು ನಿಲ್ಲಲಿಲ್ಲ.

ಮತ್ತೆ ಬಿಚ್ಚುವ ವಿಚಾರಕ್ಕೆ ಬರುತ್ತೇನೆ. ಬಿಚ್ಚಿದ ನೂಲು ಕುಣಿಕೆಯ ನೆನಪನ್ನು ಉಳಿಸಿಕೊಂಡು ಸುಕ್ಕುಸುಕ್ಕಾಗಿರುತ್ತದೆ. ಅದನ್ನು ಹಾಗೆಯೇ ಹೆಣೆದರೆ ಬಟ್ಟೆ ಒರಟಾಗಿ, ಏರುಪೇರಾಗಿ ಬರುತ್ತದೆ. ಆದ್ದರಿಂದ ಲಡಿಯಾಗಿ ಸುತ್ತಿ, ಮೂರು ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ ನೀರು ತೆಗೆದು ತೂಗುಹಾಕಬೇಕು. ಒಣಗುವಷ್ಟರಲ್ಲಿ ಉಣ್ಣೆ ಮತ್ತೆ ನೆಟ್ಟಗಾಗಿರುತ್ತದೆ. ಎರಡು ಸಂದರ್ಭಗಳಲ್ಲಿ ಮಾತ್ರ ಈ ಸ್ವಾತಂತ್ರ್ಯ ನಮಗಿಲ್ಲ. ಮೊಹೇರಿನಂತಹ ನವಿರು ರೋಮದ ನೂಲಿನಲ್ಲಿ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲು ಬಲು ತಾಳ್ಮೆ ಬೇಡುತ್ತವೆ. ಇನ್ನು ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಪೊರೆಗಳಿವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಆ ಪೊರೆಗಳು ಪರಸ್ಪರ ಕಚ್ಚಿಕೊಂಡು ಬಟ್ಟೆ ಗಟ್ಟಿಯಾದ ಕಂಬಳಿಯಾಗುತ್ತದೆ. ಅಲ್ಲಿಂದ ಮುಂದೆ ಕತ್ತರಿಯೇ ಗತಿ.

ಕಲಿಯಬೇಕೆಂಬ ಮನಸ್ಸು ಯಾರಿಗಾದರೂ ಆಗಿದ್ದರೆ ಒಂದು ಸಲಹೆ ಕೊಡುತ್ತೇನೆ. ತಿಳಿ ಬಣ್ಣದ, ನಯವಾದ, ನಡುದಪ್ಪದ ಉಣ್ಣೆಯ ನೂಲನ್ನೂ 5 ಮಿಲಿಮೀಟರಿನ ಕಡ್ಡಿಯನ್ನೂ ಆರಿಸಿಕೊಳ್ಳಿ. ಕಪ್ಪು ನೂಲಿನಲ್ಲಿ ಕುಣಿಕೆಗಳು ಕಾಣುವುದಿಲ್ಲ. ಮೂವತ್ತು ಕುಣಿಕೆ ಹಾಕಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು ಅಂಗೈಯಷ್ಟು ಉದ್ದ ಹೆಣೆಯಿರಿ. ಆಮೇಲೆ ನಡುವಿನ ಒಂದು ಕುಣಿಕೆಯನ್ನು ಬೇಕೆಂದೇ ಕಡ್ಡಿಯಿಂದ ಜಾರಿಸಿ, ಬಟ್ಟೆಯನ್ನು ಮೆಲ್ಲಗೆ ಅಗಲಿಸಿ, ಅದು ನಾಲ್ಕೈದು ಸಾಲು ಕೆಳಗಿಳಿಯುವುದನ್ನು ನೋಡಿ. ಅದು ಇಳಿದ ದಾರಿಯಲ್ಲಿ ಏಣಿಯ ಮೆಟ್ಟಿಲಿನಂತೆ ಅಡ್ಡ ಎಳೆಗಳು ಉಳಿದಿರುತ್ತವೆ. ಸೀದಾ ಬದಿಯನ್ನು ನಿಮ್ಮ ಕಡೆಗೆ ಇಟ್ಟುಕೊಂಡು, ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿಯನ್ನು ಆ ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ಅದರ ಮೇಲಿನ ಅಡ್ಡ ಎಳೆಯನ್ನು ಹಿಡಿದು ಕುಣಿಕೆಯ ಮೂಲಕ ಎಳೆಯಿರಿ. ಹಾಗೆಯೇ ಒಂದೊಂದೇ ಎಳೆಯನ್ನು ಹಿಡಿದು ಮೇಲೆ ಬಂದು ಕೊನೆಯ ಕುಣಿಕೆಯನ್ನು ಮತ್ತೆ ಎಡಗೈ ಕಡ್ಡಿಗೆ ಏರಿಸಿ, ಮುಂದಿನ ಸಾಲನ್ನು ಹೆಣೆಯಿರಿ.

ನಮಸ್ಕಾರ.